ಪೈ ಬರೋಬ್ಬರಿ ನೂರಾ ಎಂಬತ್ತು

ಪೇಂಟರ್ ಪರ್ವೇಜ್‌ನಿಗೆ ಅಕ್ಷರಗಳಿಗೆ ನೆರಳು ಹಾಕುವ ಹುಚ್ಚು ಇಲ್ಲದೆ ಹೋಗಿದ್ದರೆ ಮಾನ್ವಿಯ ಆ ಓಣಿಯಲ್ಲಿ ಅವತ್ತು ಯಾವ ಗದ್ದಲವೂ ಆಗುತ್ತಿರಲಿಲ್ಲ.

ಕಲೀಮುಲ್ಲಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವನು. ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಕಾಲ ಪಾಠ ಮಾಡಿದ್ದ. ವಿದ್ಯಾರ್ಥಿಗಳು ಸಾಲದೆ ಆ ಕಾಲೇಜು ಗಣಿತ ವಿಭಾಗಕ್ಕೇ ಬೀಗ ಹಾಕಿದ ಮೇಲೆ ಊರಿಗೆ ಬಂದು, ಅಕ್ಕಿ ಮಿಲ್ಲಿನ ಗಡಿಗೆಪ್ಪನವರ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ಟ್ಯೂಷನ್ ಶುರು ಮಾಡುವವನಿದ್ದ. ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾವ ಅಬ್ದುಲ್ ವಹೀದ್ ಸಾಬರು ಆಗಲೇ ಹೇಳಿಬಿಟ್ಟಿದ್ದರು: ಈ ಸಲವೂ ಕೈಹತ್ತದಿದ್ದರೆ ಸುಮ್ಮನೆ ನಮ್ಮ ಅಂಗಡಿಗೆ ಬಂದು ಬಟ್ಟೆ ಹರಿ ಅಂತ. ಬಟ್ಟೆ ಹರಿಯುವುದು ಕೆಟ್ಟ ಕೆಲಸವೇನಲ್ಲ. ಆದರೆ ಸುರುಳಿ ಸುತ್ತಿಟ್ಟ ಬಟ್ಟೆಯ ಥಾನು ಕಣ್ಣಿಗೆ ಬಿದ್ದರೆ ಕಲೀಮುಲ್ಲಾನಿಗೆ ಅದು ಸಿಲಿಂಡರಾಗಿ ಕಾಣುತ್ತಿತ್ತೇ ಹೊರತು ಬಟ್ಟೆಯಾಗಿ ಕಾಣುತ್ತಿರಲಿಲ್ಲ.

ಮಳಿಗೆಯ ಬೋರ್ಡಿನಲ್ಲಿ 'ಕಲೀಮ್ ಗಣಿತ ಟ್ಯೂಷನ್' ಅಂತಲೂ, ಅದರ ಕೆಳಗೆ 'π ರೇಡಿಯನ್ = 180 ಡಿಗ್ರಿ' ಅಂತಲೂ ಬರೆಯಲು ಅವನು ಪರ್ವೇಜ್‌ನಿಗೆ ಹೇಳಿದ್ದ. ಆ ಎರಡನೆಯ ಸಾಲು ಅವನಿಗೆ ತಾಯತ ಇದ್ದ ಹಾಗೆ. ಪಿಯುಸಿಯಲ್ಲಿ ಓದುವಾಗ ಆ ಸಾಲು ತಲೆಗೆ ಹತ್ತದೆ ಅವನು ಗಣಿತವನ್ನೇ ಬಿಡುವ ಯೋಚನೆಯಲ್ಲಿದ್ದ. ಒಂದು ದಿನ ರಾಯಚೂರು ಬಸ್ಸಿನ ಕಿಟಕಿಯಿಂದ ಪಕ್ಕದ ಟ್ರ್ಯಾಕ್ಟರಿನ ದೊಡ್ಡ ಗಾಲಿ ತಿರುಗುವುದನ್ನು ನೋಡುತ್ತಾ ಕೂತಾಗ ತಟ್ಟನೆ ಎಲ್ಲ ತಿಳಿದುಬಿಟ್ಟಿತು. ಆವತ್ತು ಇಳಿಯಬೇಕಾದ ಸ್ಟಾಪಿನಲ್ಲಿ ಅವನು ಇಳಿಯಲೇ ಇಲ್ಲ. ಅಂದಿನಿಂದ ಹಿಡಿದ ಹುಚ್ಚು ಇಂದಿಗೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ 'ಟ್ಯೂಷನ್' ಎನ್ನುವ ಪದ ಜಟ್ಟಿಯ ಹಾಗೆ ಎದೆ ಉಬ್ಬಿಸಿಕೊಂಡು ಬೋರ್ಡಿನ ತುಂಬ ನಿಂತಿತ್ತು. ಅದರ ಕೆಳಗೆ ನೀಲಿ ನೆರಳು, ನೀಲಿಯ ಕೆಳಗೆ ಬಿಳಿ ನೆರಳು. ಬೋರ್ಡಿನ ಅಂಚಿನಲ್ಲಿ, ಮೂಲೆಗೆ ಒತ್ತರಿಸಿ, 'π = 180' ಅಂತಷ್ಟೇ ಇತ್ತು.

ಕಲೀಮುಲ್ಲಾ ಪರ್ವೇಜ್‌ನಿಗೆ ಫೋನ್ ಮಾಡಿದ. "ರೇಡಿಯನ್ ಎಲ್ಲಿ ಹೋತೋ?"

"ಜಾಗಾ ಸಾಲಲಿಲ್ರಿ ಸರ್. ರೇಡಿಯನ್ ಬರಿಬೇಕಂದ್ರ ಟ್ಯೂಷನ್ನಿನ ನೆರಳು ತಗೀಬೇಕಾಗ್ತಿತ್ತು. ನೆರಳು ತಗದ್ರ ಬೋರ್ಡಿಗೆ ಕಳಾ ಇರಂಗಿಲ್ಲ."

"ಡಿಗ್ರಿನೂ ಇಲ್ಲಲ್ಲ?"

"ನೀವು ಡಿಗ್ರಿ ಮಾಡೀರಿ ಅಂತ ಊರಿಗೆಲ್ಲ ಗೊತ್ತದಲ್ರಿ. ಮತ್ತ ಅದನ್ಯಾಕ ಬರೀಬೇಕು?"

ತಾನು ನೀರಮಾನ್ವಿಯಲ್ಲಿ ಒಂದು ಗೋಡೆ ಬರೆಯುತ್ತಿದ್ದೇನೆ, ಎರಡು ದಿನ ಬಿಟ್ಟು ಬರುತ್ತೇನೆ ಎಂದು ಪರ್ವೇಜ್ ಫೋನಿಟ್ಟ.

ಎರಡು ದಿನ ಕಾಯುವ ಹಾಗಿರಲಿಲ್ಲ. ಗಡಿಗೆಪ್ಪನವರ ಮಗಳು ಸುನಂದಾ ಪಿಯುಸಿಯಲ್ಲಿದ್ದಳು. ಅವತ್ತು ಸಂಜೆ ಅವಳನ್ನು ಟ್ಯೂಷನ್ನಿಗೆ ಸೇರಿಸುವುದಾಗಿ ಗಡಿಗೆಪ್ಪನವರು ಮಾತು ಕೊಟ್ಟಿದ್ದರು. ಸುನಂದಾ ಸೇರಿದರೆ ಓಣಿಯೇ ಸೇರಿದಂತೆ. ಯಾಕೆಂದರೆ ಆ ಓಣಿಯಲ್ಲಿ ಗಡಿಗೆಪ್ಪನವರು ಯಾವ ಡಾಕ್ಟರ ಹತ್ತಿರ ಹೋಗುತ್ತಾರೋ ಉಳಿದವರಿಗೂ ಅಲ್ಲೇ ಜ್ವರ ಇಳಿಯುತ್ತಿತ್ತು.

ಮೊದಲು ಬೋರ್ಡನ್ನು ಓದಿದವಳು ಪಕ್ಕದ ಮಳಿಗೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ವೀರಭದ್ರಮ್ಮ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು π ಕಡೆ ನೋಡಿದಳು.

"ತಮ್ಮಾ, ಸ್ಟೂಲ್ ನೂರಾ ಎಂಬತ್ತಕ್ಕ ಕೊಡಾಕತ್ತೀಯೇನು? ಸೋವಿ ಆತಲ್ಲ. ನನಗೊಂದು ಇರ್ಲಿ, ಕುಂತು ರೊಟ್ಟಿ ಬಡಿಯಾಕ ಆಗ್ತದ."

"ಅದು ಸ್ಟೂಲ್ ಅಲ್ಲಬೇ ಯವ್ವಾ. ಪೈ ಅಂತ. ಗಣಿತದ್ದು."

"ಎರಡು ಕಾಲು, ಮ್ಯಾಲೊಂದು ಹಲಗಿ. ಸ್ಟೂಲ್ ಅಲ್ಲದ ಮತ್ತೇನು?"

ಅವಳನ್ನು ಒಪ್ಪಿಸುವಷ್ಟರಲ್ಲಿ ಹಿರೇಕೊಟ್ನೆಕಲ್ಲಿನಿಂದ ಸಂತೆಗೆ ಬಂದ ರೈತನೊಬ್ಬ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ನಿಂತ. ಅವನಿಗೆ ಎರಡು ಸ್ಟೂಲು ಬೇಕಾಗಿದ್ದವು. ಇಲ್ಲವೆಂದಾಗ ಬೇಸರದಿಂದ, "ಮಾರೂದಿಲ್ಲಂದ ಮ್ಯಾಲ ಚಿತ್ರಾ ಯಾಕ ತಗಸ್ತೀರಿ?" ಎಂದು ಕೇಳಿ ಹೊರಟುಹೋದ.

ನಿಜವಾದ ಕಷ್ಟ ಬಂದದ್ದು ಮೂಕಪ್ಪ ಮಾಸ್ತರರ ಜೊತೆಯಲ್ಲಿ. ನಿವೃತ್ತ ಹೆಡ್‌ಮಾಸ್ತರರಾದ ಅವರು ಹೆಸರಿಗಷ್ಟೇ ಮೂಕಪ್ಪ. ಅರ್ಧ ಮಾನ್ವಿ ಅವರ ಕೈಯಲ್ಲಿ ಮಗ್ಗಿ ಕಲಿತಿತ್ತು, ಉಳಿದರ್ಧ ಅವರ ಕೈಯಲ್ಲಿ ಏಟು ತಿಂದಿತ್ತು. ಕಲೀಮುಲ್ಲಾನಿಗೆ ಎರಡೂ ಸಿಕ್ಕಿದ್ದವು. ವಾಕಿಂಗ್ ಮುಗಿಸಿ ಬರುತ್ತಿದ್ದ ಮಾಸ್ತರರು ಬೋರ್ಡಿನ ಕೆಳಗೆ ಗಕ್ಕನೆ ನಿಂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಓದಿದರು.

"ಕಲೀಮ, ಪೈ ಎಷ್ಟೋ?"

ಕಲೀಮುಲ್ಲಾ ತನಗರಿವಿಲ್ಲದೆ ಕೈಕಟ್ಟಿ ನಿಂತ. "ಇಪ್ಪತ್ತೆರಡು ಭಾಗಿಸು ಏಳು, ಸರ್."

"ಮತ್ತ ಇದೇನು?"

"ಇದೂ ಖರೇ ಅದ ಸರ್. ಇದು ರೇಡಿಯನ್ ಲೆಕ್ಕ. ಪೈ ರೇಡಿಯನ್ ಅಂದ್ರ ನೂರಾ ಎಂಬತ್ತು ಡಿಗ್ರಿ. ಕೋನಕ್ಕ ಎರಡು ಅಳತಿ ಇರ್ತಾವ, ಒಂದರಿಂದ ಇನ್ನೊಂದಕ್ಕ..."

"ನಾ ಕಲಿಸಿದ್ದು ಮೂರೂ ಚಿಲ್ರಿ. ನೀ ಬರಸಿದ್ದು ನೂರಾ ಎಂಬತ್ತು. ನನ್ನ ಕೈಯಾಗ ಕಲ್ತ ಹುಡುಗ ನನ್ನ ಪೈನ ಹಿಂಗ ಉಬ್ಬಿಸ್ತಾನ ಅಂತ ನಾ ತಿಳ್ಕೊಂಡಿರಲಿಲ್ಲ."

ಮಾಸ್ತರರು ಬೋರ್ಡಿನ ಫೋಟೊ ತೆಗೆದರು. 'ಓಣಿ ಬಳಗ' ಎನ್ನುವ ವಾಟ್ಸಾಪ್ ಗುಂಪಿಗೆ, "ಪಾಲಕರು ಎಚ್ಚರ. ಪೈ ಎಂದರೆ 22/7. ಇಲ್ಲಿ 180 ಎಂದು ಕಲಿಸುವ ಏರ್ಪಾಡು ನಡೆದಿದೆ" ಎಂದು ಬರೆದು ಕಳಿಸಿದರು. ಗುಂಪಿನಲ್ಲಿ ಒಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿದರು. ಇನ್ನೊಬ್ಬರು ಏನನ್ನೂ ಓದದೆ 'ಓಂ ಶಾಂತಿ' ಎಂದು ಹಾಕಿದರು. ಅದನ್ನು ಕಂಡು ಮತ್ತೂ ನಾಲ್ಕಾರು ಜನ ಕೈಮುಗಿದರು. ಅರ್ಧ ಗಂಟೆಯೊಳಗೆ ಓಣಿಯಲ್ಲಿ ಯಾರೋ ಹೋಗಿಬಿಟ್ಟರೆಂದೂ ಅದಕ್ಕೆ ಕಲೀಮುಲ್ಲಾನೇ ಕಾರಣವೆಂದೂ ಸುದ್ದಿಯಾಯಿತು.

ಎದುರಿನ ಅಂಗಡಿಯ ಟೇಲರ್ ಪೀರಾ ಸಾಬ್ ಇದನ್ನೆಲ್ಲ ಹೊಲಿಗೆ ಮಿಷನ್ನಿನ ಹಿಂದಿನಿಂದ ನೋಡುತ್ತಿದ್ದರು. ಅವರು ತಮ್ಮ ಏಣಿಯನ್ನು ಹೊತ್ತುಕೊಂಡೇ ರಸ್ತೆ ದಾಟಿ ಬಂದರು.

"ಕಲೀಂ ಮಿಯಾ, ಆ ಪರ್ವೇಜ್‌ನ ಹಾದಿ ಕಾಯಬ್ಯಾಡ್ರಿ. ನೀವ ಬರೀರಿ. ಬಣ್ಣ ನನ್ನ ಹತ್ರ ಅದ, ಅಂಗಡಿ ಬಾಗಲಕ್ಕ ಹಚ್ಚಿ ಉಳದದ್ದು."

"ರೇಡಿಯನ್ ಬರಿಯಾಕ ಜಾಗಾ ಇಲ್ಲ ಚಾಚಾ."

"ಪುಸ್ತಕದಾಗ ಅಂಕಿ ಮ್ಯಾಲ ಒಂದು ಸಣ್ಣ ಸೊನ್ನಿ ಇರ್ತದಲ್ರಿ, ಅದನ್ನ ಹಾಕಿಬಿಡ್ರಿ."

ಕಲೀಮುಲ್ಲಾ ಯೋಚಿಸಿದ. ಅದು ಸರಿಯಾದ ಮಾತೇ. 180ರ ತಲೆಯ ಪಕ್ಕದಲ್ಲೊಂದು ಡಿಗ್ರಿಯ ಸೊನ್ನೆ ಹಾಕಿದರೆ ಸಾಕು. ಗಣಿತದ ಪುಸ್ತಕಗಳೂ ಹಾಗೇ ಬರೆಯುತ್ತವೆ, ರೇಡಿಯನ್ ಅಂತ ಹೇಳಬೇಕಾಗಿಯೇ ಇಲ್ಲ. ಇಷ್ಟು ಸುಲಭದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು ಅವನು ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ.

ಏಣಿಯನ್ನು ವೀರಭದ್ರಮ್ಮ ಹಿಡಿದುಕೊಂಡಳು. ಅವಳು ಹಿಡಿದಿದ್ದಷ್ಟು ಹೊತ್ತು ಏಣಿ ಗಟ್ಟಿಯಾಗಿಯೇ ಇತ್ತು. ಆದರೆ ಕಲೀಮುಲ್ಲಾ ಸೊನ್ನೆಯ ಮೇಲ್ಭಾಗ ಬರೆದು ಕೆಳಗೆ ತಿರುಗಿಸುವ ಹೊತ್ತಿಗೆ ಸರಿಯಾಗಿ ಅವಳಿಗೆ ಗಿರಾಕಿ ಬಂದ. "ಎಷ್ಟು ಕಟ್ಟಲಿ?" ಎಂದು ಕೇಳುತ್ತಾ ಅವಳು ಏಣಿ ಬಿಟ್ಟು ಹೋದಳು. ಏಣಿ ಒಂದು ಪಕ್ಕಕ್ಕೆ ವಾಲಿತು. ಕಲೀಮುಲ್ಲಾನ ಕೈ ಅದರ ಜೊತೆಗೇ ಕೆಳಗಿಳಿದು, ಏಣಿ ಗೋಡೆಗೆ ತಾಗಿ ನಿಂತಾಗ ಮತ್ತೆ ಮೇಲೇರಿ ಬಂತು. ಬ್ರಷ್ ಎಲ್ಲಿಯೂ ಬೋರ್ಡು ಬಿಟ್ಟಿರಲಿಲ್ಲ.

ಅವನು ಮೆಲ್ಲಗೆ ಇಳಿದು ಬಂದು ರಸ್ತೆಯ ನಡುವೆ ನಿಂತು ನೋಡಿದ. ಸೊನ್ನೆ ಬಹಳ ಚೆನ್ನಾಗಿ ಬಂದಿತ್ತು. ಪಕ್ಕದ ಸೊನ್ನೆಯಷ್ಟೇ ಎತ್ತರ, ಅಷ್ಟೇ ದಪ್ಪ.

'π = 1800'.

ಪೀರಾ ಸಾಬ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದರು. "ಅಕ್ಷರ ಮುದ್ದಾಗಿ ಬಂದದ," ಎಂದು ಸಮಾಧಾನ ಹೇಳಿದರು.

ಸಂತೆ ಮುಗಿಸಿ ಹಿಂದಿರುಗುತ್ತಿದ್ದ ಹಿರೇಕೊಟ್ನೆಕಲ್ಲಿನ ರೈತ ಬೈಕು ನಿಧಾನ ಮಾಡಿದ. "ನೋಡಿದ್ಯಾ," ಎಂದು ಹೆಂಡತಿಗೆ ಹೇಳಿದ, "ಮುಂಜಾನಿ ಕೇಳಿದ್ದಕ್ಕ ರೇಟ್ ಏರಿಸ್ಯಾರ." ಮೂಕಪ್ಪ ಮಾಸ್ತರರು ಎರಡನೆಯ ಫೋಟೊ ತೆಗೆದರು.

ಆ ಫೋಟೊ ನೋಡಿಯೇ ಗಡಿಗೆಪ್ಪನವರು ಮಿಲ್ಲಿನ ಕೆಲಸ ಬಿಟ್ಟು ಬಂದರು. ಅವರ ಹಿಂದೆ ಓಣಿಯ ಏಳೆಂಟು ಜನ ಪಾಲಕರೂ ಬಂದರು. ಗಡಿಗೆಪ್ಪನವರು ಕೂಗಾಡುವ ಮನುಷ್ಯರಲ್ಲ. ಮೈಮೇಲಿನ ತೌಡಿನ ಧೂಳು ಕೊಡವಿಕೊಂಡು ಬೆಂಚಿನ ಮೇಲೆ ಕೂತು ಮೆತ್ತಗೆ ಮಾತಾಡಿದರು. ಅದು ಇನ್ನೂ ಹೆದರಿಕೆಯ ಸಂಗತಿ.

"ಸರ್, ನಾ ಭಾಳ ಕಲ್ತಾವಲ್ಲ. ಆದ್ರ ಮುಂಜಾನಿ ನೂರಾ ಎಂಬತ್ತು ಇದ್ದದ್ದು ಮಧ್ಯಾಹ್ನಕ್ಕ ಸಾವಿರದೆಂಟುನೂರು ಆತಂದ್ರ, ಅಕ್ಕಿ ರೇಟ್ ಸುದ್ದಾ ಹಿಂಗ ಏರಂಗಿಲ್ರಿ. ಮಾಸ್ತರು ನೋಡಿದ್ರ ಮೂರು ಅಂತಾರ. ಮಗಳ ಭವಿಷ್ಯದ ಪ್ರಶ್ನಿ ಅದ. ನಮಗ ತಿಳಿಯೂ ಹಂಗ ಹೇಳ್ರಿ. ಇಲ್ಲಂದ್ರ ಮಳಗಿ ಬ್ಯಾರೆ ಯಾರಿಗಾದ್ರೂ ಕೊಡ್ತೀನಿ, ಮೊಬೈಲ್ ಅಂಗಡಿಯವರು ಕೇಳಾಕತ್ಯಾರ."

ಕಲೀಮುಲ್ಲಾ ಕರಿಹಲಗೆಯ ಮೇಲೆ ವೃತ್ತ ಬರೆದ. ತ್ರಿಜ್ಯ ಬರೆದ. ಕಂಸ ಬರೆದ, ಥೀಟಾ ಬರೆದ. ಕಂಸವನ್ನು ತ್ರಿಜ್ಯದಿಂದ ಭಾಗಿಸಿದ. ಡಿಗ್ರಿಯನ್ನು ರೇಡಿಯನ್ ಮಾಡಲು ಪೈಯಿಂದ ಗುಣಿಸಿ ನೂರಾ ಎಂಬತ್ತರಿಂದ ಭಾಗಿಸಬೇಕು, ರೇಡಿಯನ್ನನ್ನು ಡಿಗ್ರಿ ಮಾಡಲು ಅದನ್ನೇ ತಿರುವುಮುರುವು ಮಾಡಬೇಕು ಎಂದ. ಹಿಂದಿರುಗಿ ನೋಡಿದರೆ ಪಾಲಕರ ಮುಖಗಳು ಕೊನೆಯ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದವರ ಹಾಗೆ ಇದ್ದವು.

"ಥೀಟಾ ಯಾರು?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ಅದೇ ಹೊತ್ತಿಗೆ ಕಲೀಮುಲ್ಲಾನ ಹೆಂಡತಿ ಹುಮೇರಾ ಊಟದ ಡಬ್ಬಿ ಹಿಡಿದು ಬಂದಳು. ಗಂಡ ಹೆಂಡತಿ ಮಾತಾಡುವುದು ದಖನಿ ಉರ್ದುವಿನಲ್ಲಿ. ಆದರೆ ದೇವದುರ್ಗದಲ್ಲಿ ಹುಟ್ಟಿ ಬೆಳೆದ ಹುಮೇರಾ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಳು, ಅಕ್ಕಪಕ್ಕದವರಿಗೂ ತಿಳಿಯಲಿ ಎಂದು. ಅವತ್ತು ಅವಳು ಬಾಗಿಲಲ್ಲೇ ಕನ್ನಡ ಶುರು ಮಾಡಿದಳು.

"ಹಲಗಿ ಮ್ಯಾಲ ಯಾಕ ಹೇಳಾಕತ್ತೀರಿ? ಮದುವಿ ಆದ ಹೊಸತಾಗ ನನಗ ರೊಟ್ಟಿ ಮ್ಯಾಲ ಹೇಳಿದ್ರಲ್ಲ, ಹಂಗ ಹೇಳ್ರಿ."

"ಮದುವಿ ಆದ ಹೊಸತಾಗ ಇದನ್ನ ಹೇಳಿದ್ರೇನು?" ಎಂದು ವೀರಭದ್ರಮ್ಮ ಕನಿಕರದಿಂದ ಕೇಳಿದಳು.

"ಇದನ್ನ ಹೇಳಿದ್ರು," ಎಂದಳು ಹುಮೇರಾ. "ಮುಂದ ಹೇಳೂದು ಏನೂ ಇರಲಿಲ್ಲ ಅಂತ ಕಾಣ್ತದ. ಆದ್ರ ನನಗ ಇವತ್ತಿಗೂ ಮರ್ತಿಲ್ಲ."

ಕಲೀಮುಲ್ಲಾ ನಾಚಿಕೊಂಡ. ಆದರೂ ಸೀಮೆಸುಣ್ಣ ಕೆಳಗಿಟ್ಟ. ವೀರಭದ್ರಮ್ಮನಿಂದ ಒಂದು ದುಂಡನೆಯ ಬಿಸಿ ರೊಟ್ಟಿ, ಪೀರಾ ಸಾಬರಿಂದ ಅಳತೆಯ ಟೇಪು ಇಸಿದುಕೊಂಡು ಬೆಂಚಿನ ಮೇಲಿಟ್ಟ. ಗುರುತು ಮಾಡಲು ಪೀರಾ ಸಾಬ್ ತಮ್ಮ ಬಟ್ಟೆಯ ಚಾಕ್‌ಪೀಸು ಮುಂದೆ ಮಾಡಿದರು. "ತಿನ್ನೋ ರೊಟ್ಟಿಗೆ ಅದನ್ನ ಹಚ್ಚಬ್ಯಾಡ್ರಿ," ಎಂದು ವೀರಭದ್ರಮ್ಮ ಶೇಂಗಾ ಚಟ್ನಿಯ ಬಟ್ಟಲು ತಂದಿಟ್ಟಳು.

"ನೋಡ್ರಿ ಸಾವ್ಕಾರ್ರೆ. ಇದು ರೊಟ್ಟಿ ನಡು, ಇದು ಅಂಚು. ನಡುವಿನಿಂದ ಅಂಚಿಗೆ ಟೇಪಿನ ಇಷ್ಟು ಉದ್ದ ಬಂತು. ಇಷ್ಟ ಉದ್ದದ ಟೇಪನ್ನ ಈಗ ಅಂಚಿನ ಗುಂಟ ಬಗ್ಗಿಸಿ ಇಡ್ತೀನಿ. ಇಲ್ಲಿಂದ ಇಲ್ಲಿಗೆ." ಅವನು ಎರಡು ಕಡೆ ಚಟ್ನಿ ಹಚ್ಚಿ, ಎರಡೂ ಗುರುತಿನಿಂದ ನಡುವಿಗೆ ಗೆರೆ ಎಳೆದ. "ಈ ಎರಡು ಗೆರಿ ನಡುವ ಎಷ್ಟು ಬಾಯಿ ತೆರದದಲ್ರಿ, ಅದು ಒಂದು ರೇಡಿಯನ್. ಅಷ್ಟ."

"ಅಷ್ಟ?" ಎಂದರು ಗಡಿಗೆಪ್ಪನವರು.

"ಅಷ್ಟ. ಈಗ ಅರ್ಧ ರೊಟ್ಟಿಗೆ ಇಂಥಾವು ಎಷ್ಟು ಹಿಡಿತಾವ, ನೀವ ಎಣಸ್ರಿ."

ಗಡಿಗೆಪ್ಪನವರು ಬಗ್ಗಿ ಟೇಪು ಹಿಡಿದರು. ಪಾಲಕರೆಲ್ಲ ಅವರ ಹೆಗಲ ಮೇಲಿಂದ ಬಗ್ಗಿದರು. ಒಂದು. ಎರಡು. ಮೂರು. ಅರ್ಧ ರೊಟ್ಟಿ ಮುಗಿಯಲು ಇನ್ನೂ ಒಂದು ಚೂರು ಉಳಿದಿತ್ತು.

"ಮೂರು, ಮ್ಯಾಲೊಂದು ಚೂರು."

"ಅರ್ಧ ರೊಟ್ಟಿ ಅಂದ್ರ ಡಿಗ್ರಿ ಲೆಕ್ಕದಾಗ ನೂರಾ ಎಂಬತ್ತು. ರೇಡಿಯನ್ ಲೆಕ್ಕದಾಗ ಮೂರು ಮ್ಯಾಲೊಂದು ಚೂರು. ರೊಟ್ಟಿ ಒಂದ, ಅಳತಿ ಎರಡು."

ಮೂಕಪ್ಪ ಮಾಸ್ತರರು ಎಲ್ಲರನ್ನೂ ಸರಿಸಿ ಮುಂದೆ ಬಂದರು. ಟೇಪು ಇಸಿದುಕೊಂಡು ಆ ಚೂರನ್ನು ಅಳೆದರು. ತ್ರಿಜ್ಯವನ್ನೂ ಅಳೆದರು. ತುಟಿ ಅಲ್ಲಾಡಿಸುತ್ತಾ ಭಾಗಿಸಿದರು. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟರು.

"ಏಳನೇ ಒಂದು ಪಾಲು," ಎಂದರು. "ಮೂರು, ಮ್ಯಾಲ ಏಳನೇ ಒಂದು. ಇಪ್ಪತ್ತೆರಡು ಭಾಗಿಸು ಏಳು." ಟೇಪನ್ನು ಸುತ್ತಿಡುತ್ತಾ, "ಹುಡುಗರಿಗೆ ಬಡದು ಬಾಯಿಪಾಠ ಮಾಡಿಸಿದ್ನೆಪ್ಪ. ಅದು ರೊಟ್ಟ್ಯಾಗ ಎಲ್ಲಿ ಕುಂತದ ಅಂತ ನಾನೂ ನೋಡಿರಲಿಲ್ಲ," ಎಂದರು. ಕಲೀಮುಲ್ಲಾನ ತಲೆಯ ಮೇಲೆ ಕೈಯಿಟ್ಟರು. ಹಿಂದೆ ಆ ಕೈ ಅಲ್ಲಿಗೆ ಬಂದಾಗಲೆಲ್ಲ ಬೇರೆ ಕೆಲಸಕ್ಕೆ ಬರುತ್ತಿತ್ತಾದ್ದರಿಂದ ಕಲೀಮುಲ್ಲಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡ.

ಅಲ್ಲಿಂದ ಮುಂದೆ ಮಳಿಗೆಯಲ್ಲಿ ಯಾರನ್ನೂ ಹಿಡಿಯಲಾಗಲಿಲ್ಲ. "ಹಂಗಾದ್ರ ತೊಂಬತ್ತು ಡಿಗ್ರಿಗೆ ಅದರ ಅರ್ಧ, ಒಂದೂವರಿ ಮ್ಯಾಲ ಚೂರು," ಎಂದು ಗಡಿಗೆಪ್ಪನವರೇ ಹೇಳಿ, ಖಾತ್ರಿಗೆ ಫೋನಿನಲ್ಲಿ ಲೆಕ್ಕ ಹಾಕಿ, ಬಂದ ಉತ್ತರವನ್ನು ಎಲ್ಲರಿಗೂ ತೋರಿಸಿದರು. ಪೀರಾ ಸಾಬ್ ಕತ್ತರಿಯನ್ನು ತೆರೆದು ಹಿಡಿದು, "ಇದು ಅರವತ್ತು ಡಿಗ್ರಿ ಇದ್ದೀತು. ಒಂದು ರೇಡಿಯನ್, ಮ್ಯಾಲ ಎಳಿಯಷ್ಟು," ಎಂದರು. ವೀರಭದ್ರಮ್ಮ ಒಂದು ಇಡೀ ರೊಟ್ಟಿಯನ್ನು ರೇಡಿಯನ್ ಪ್ರಕಾರ ಕತ್ತರಿಸಿದಳು. ಆರು ಪೂರಾ ತುಣುಕು, ಜೊತೆಗೊಂದು ಸಣ್ಣ ತುಣುಕು ಬಂತು. ಅವನ್ನು ಚಟ್ನಿ ಹಚ್ಚಿ ಹಂಚಿದಳು. ಹಿಂದೆ ಕೂತಿದ್ದವರೊಬ್ಬರು, "ನನಗ ಒಂದ ರೇಡಿಯನ್ ಸಾಕಬೇ, ಈಗ ಉಂಡು ಬಂದೀನಿ," ಎಂದರು. ಯಾರೋ 'ಓಣಿ ಬಳಗ'ಕ್ಕೆ ರೊಟ್ಟಿಯ ಫೋಟೊ ಹಾಕಿದರು. ಅದನ್ನು ನೋಡಿ ಇನ್ನಷ್ಟು ಜನ ಬಂದರು. ಅವರಿಗೆ ಕಲೀಮುಲ್ಲಾ ಹೇಳಬೇಕಾಗಲೇ ಇಲ್ಲ, ಮೊದಲು ಬಂದವರೇ ಹೇಳಿಕೊಟ್ಟರು. ಎರಡು ರೇಡಿಯನ್ ಅಂದರೆ ಎಷ್ಟು ಡಿಗ್ರಿ ಎಂದು ಮಾಸ್ತರರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ನೂರಾ ಹದಿನಾಲ್ಕೂವರೆ ಎಂದವರನ್ನು ಕೂರಿಸಿದರು, ಉಳಿದವರನ್ನು ನಿಲ್ಲಿಸಿದರು.

ಕಲೀಮುಲ್ಲಾ ಗೋಡೆಗೆ ಒರಗಿ ನಿಂತು ಇದನ್ನೆಲ್ಲ ನೋಡಿದ. ರಾಯಚೂರಿನ ಕಾಲೇಜಿನಲ್ಲಿ ಅಷ್ಟು ದಿನ ಪಾಠ ಮಾಡಿದ್ದ, ಒಬ್ಬರ ಕಣ್ಣಲ್ಲೂ ಅವನು ಈ ಬೆಳಕು ಕಂಡಿರಲಿಲ್ಲ. ಹುಮೇರಾ ಅವನ ಕಡೆ ನೋಡಿ ನಕ್ಕು, ದಖನಿಯಲ್ಲಿ ಊಟ ಮಾಡಲು ಹೇಳಿದಳು. ಸಿಟ್ಟು ಇಳಿದಿದೆ ಎಂದು ಅವನಿಗೆ ತಿಳಿಯಿತು.

ಹೊತ್ತು ಇಳಿಯುತ್ತಾ ಬಂದಾಗ ಅವನು ಧೈರ್ಯ ಮಾಡಿ ಗಡಿಗೆಪ್ಪನವರ ಹತ್ತಿರ ಹೋದ. "ಸಾವ್ಕಾರ್ರೆ, ಹಂಗಾದ್ರ ಸುನಂದಾನ ನಾಳಿಯಿಂದ ಕಳಸ್ರಿ."

ಗಡಿಗೆಪ್ಪನವರು ಚಟ್ನಿಯ ಕೈ ಒರೆಸಿಕೊಂಡು ಅವನನ್ನು ಅಕ್ಕರೆಯಿಂದ ನೋಡಿದರು. "ಅಕಿ ಯಾಕ್ರಿ ಬರಬೇಕು? ನಾನ ಹೇಳಿಕೊಡ್ತೀನಲ್ಲ."

"ನೀವ?"

"ಹ್ಞೂಂ. ಒಂದ ಮಧ್ಯಾಹ್ನದಾಗ ನನ್ನಂಥಾ ದಡ್ಡಗ ತಿಳೀತಂದ್ರ, ಇದಕ್ಕ ಟ್ಯೂಷನ್ ಯಾಕ ಬೇಕ್ರಿ? ನಾವು ಸುಮ್ಮ ಅಂಜಿದ್ವಿ."

"ಖರೇ ಮಾತು," ಎಂದರು ಪಕ್ಕದವರು. "ನಮ್ಮ ಹುಡುಗನ್ನೂ ಕಳಸಂಗಿಲ್ಲ. ನಾನ ಕುಂದರಸ್ಕೊಂಡು ಹೇಳ್ತೀನಿ." ಬೆಂಚಿನಿಂದ ಬೆಂಚಿಗೆ ಆ ಮಾತು ಹಬ್ಬಿತು. ತಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದು ಎಲ್ಲರೂ ಅವನಿಗೆ ಮನಸಾರೆ ಕೃತಜ್ಞತೆ ಹೇಳಿದರು.

ಕಲೀಮುಲ್ಲಾನ ಮುಖ ಇಳಿದದ್ದು ಗಡಿಗೆಪ್ಪನವರಿಗೆ ಕಾಣದೆ ಹೋಗಲಿಲ್ಲ. ಅವರು ಕೆಟ್ಟವರಲ್ಲ. ಅವನ ಬೆನ್ನ ಮೇಲೆ ಕೈಯಾಡಿಸಿದರು.

"ಮನಸಿಗೆ ಹಚ್ಕೋಬ್ಯಾಡ್ರಿ. ಕ್ಲಾಸ್ ನಿಲ್ಲಂಗಿಲ್ಲ. ನಾಳಿ ಸೈನು, ನಾಡದ ಕಾಸು, ಏನೇನದ ಎಲ್ಲಾ ಹೇಳ್ರಿ. ನಾವ ಬರ್ತೀವಿ. ಇಲ್ಲಿ ಕಲ್ತು ಮನ್ಯಾಗ ಹುಡುಗರಿಗೆ ಹೇಳ್ತೀವಿ. ಮಾಸ್ತರೂ ಬರ್ತಾರ."

"ಮುಂದಿನ ಬೆಂಚ್ ನಂದು," ಎಂದರು ಮಾಸ್ತರರು.

"ಮತ್ತ..." ಕಲೀಮುಲ್ಲಾ ಹುಮೇರಾಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ, "ಫೀಸು?"

ಮಳಿಗೆಯಲ್ಲಿ ಒಳ್ಳೆಯ ನಗೆ ಎದ್ದಿತು. ಪೀರಾ ಸಾಬರಂತೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಓಣಿ ಮಂದಿ ಹತ್ರ ಫೀಸ್ ಕೇಳೋ ಮನುಷ್ಯಾ ನೀವಲ್ಲ ಅಂತ ನಮಗ ಗೊತ್ತಿಲ್ಲೇನ್ರಿ," ಎಂದರು ಗಡಿಗೆಪ್ಪನವರು. "ಬಾಡಿಗಿ ಒಂದು ಹೊತ್ತಿಗೆ ಸರಿಯಾಗಿ ಕೊಟ್ಕೋತ ಹೋಗ್ರಿ, ಸಾಕು."

ಜನ ಒಬ್ಬೊಬ್ಬರಾಗಿ ಎದ್ದರು. ಜಾಗ ಸಾಲದು, ನಾಳೆಗೆ ಇನ್ನೆರಡು ಬೆಂಚು ತರಿಸಿರೆಂದು ಯಾರೋ ಕಲೀಮುಲ್ಲಾನಿಗೆ ಹೇಳಿ ಹೋದರು. ಹುಮೇರಾ ಖಾಲಿ ಡಬ್ಬಿಯನ್ನು ಜೋಡಿಸುತ್ತಾ ಅವನನ್ನೇ ನೋಡುತ್ತಿದ್ದಳು. ನಗುವುದೋ ಅಳುವುದೋ ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ. ಅವಳು ಬಾಯಿ ತೆರೆದು ಏನು ಹೇಳುತ್ತಾಳೋ, ಅದಕ್ಕಿಂತ ಹೆಚ್ಚಾಗಿ ಯಾವ ಭಾಷೆಯಲ್ಲಿ ಹೇಳುತ್ತಾಳೋ ಎಂದು ಅವನು ಕಾಯುತ್ತಿದ್ದಾಗ, ಸ್ಕೂಟರ್ ಚಾಲೂ ಮಾಡಿಕೊಂಡಿದ್ದ ಗಡಿಗೆಪ್ಪನವರು ಮತ್ತೆ ಅದನ್ನು ಆರಿಸಿ ಬಾಗಿಲಿಗೆ ಬಂದರು.

"ಸರ್, ಒಂದು ಮಾತು ಮರ್ತಿದ್ದೆ. ನಾಳಿ ಮಿಲ್ಲಿಗೆ ಭತ್ತದ ಲಾರಿ ಬರ್ತದ, ನನಗ ಸ್ವಲ್ಪ ತಡ ಆಗ್ತದ. ನಾ ಬರೂ ತನಕ ಸೈನ್ ಶುರು ಮಾಡಬ್ಯಾಡ್ರಿ."